ಐದು ಗಾಲಿಗಳ ಬ್ಯಾಲೆನ್ಸಿಂಗ್: ವೇಟ್ ಕೂರಬೇಕಾದ ಜಾಗ

ಏಪ್ರಿಲ್, ಮೊದಲ ವಾರ

ಗಾಡಿ ನಾಲ್ಕು ನಟ್ಟಿನ ಹ್ಯಾಚ್‌ಬ್ಯಾಕ್. ರಿಮ್ 14 ಇಂಚಿನ ಸ್ಟೀಲ್, ಅಗಲ 5 ಇಂಚು, ಟೈರ್ 165/80 ಆರ್14. ಕಲಬುರಗಿ ದಾಟಿ ಹುಮನಾಬಾದ್ ಕಡೆಗೆ ರಾಷ್ಟ್ರೀಯ ಹೆದ್ದಾರಿ 50 ಹಿಡಿದರೆ 85 ಕಿ.ಮೀ. ವೇಗಕ್ಕೆ ಸ್ಟೇರಿಂಗ್ ನಡುಗಲು ಶುರು, 95ಕ್ಕೆ ಜೋರು, 110ಕ್ಕೆ ತುಸು ಇಳಿತ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ದರೆ ಡಿಸ್ಕ್ ನೋಡಬೇಕಿತ್ತು. 30-40ರಲ್ಲೇ ಗಾಡಿ ಕುಣಿದಿದ್ದರೆ ರಿಮ್ ಬಾಗಿದೆ, ಇಲ್ಲವೇ ಟೈರಿನ ಒಳಪದರ ಬಿಟ್ಟಿದೆ ಎಂದು ಹಿಡಿಯಬೇಕಿತ್ತು. ಒಂದು ವೇಗದಲ್ಲಿ ಹುಟ್ಟಿ ಮುಂದೆ ಇಳಿಯುವ ನಡುಕಕ್ಕೆ ಮೊದಲು ನೋಡಬೇಕಾದ್ದು ಬ್ಯಾಲೆನ್ಸ್, ಅಂದರೆ ಗಾಲಿಯ ಸುತ್ತಲೂ ತೂಕ ಸಮನಾಗಿದೆಯೇ ಎಂಬುದು. ಹಗುರ ಇದ್ದ ಕಡೆ ರಿಮ್ಮಿಗೆ ಲೋಹದ ಸಣ್ಣ ವೇಟ್ ಹಾಕಿ ಇದನ್ನು ಸರಿಮಾಡುವುದು. ಕೈಗೆ ಬಂದರೆ ಮುಂದಿನ ಗಾಲಿ, ಸೀಟಿಗೆ ಬಂದರೆ ಹೆಚ್ಚಾಗಿ ಹಿಂದಿನದು.

ಈ ಟೈರಿನ ಉರುಳುವ ತ್ರಿಜ್ಯ ಸುಮಾರು 305 ಮಿ.ಮೀ. 100 ಕಿ.ಮೀ. ವೇಗದಲ್ಲಿ ಗಾಲಿ ನಿಮಿಷಕ್ಕೆ 870 ಸುತ್ತು ಹೊಡೆಯುತ್ತದೆ, ಅಂದರೆ ಸೆಕೆಂಡಿಗೆ 14.5. ಸ್ಪ್ರಿಂಗ್ ಕೆಳಗಿನ ಗಾಲಿ, ಅದು ಕೂರುವ ಹಬ್, ಬ್ರೇಕ್ ಇವೆಲ್ಲ ಸೇರಿ ತಾವಾಗಿ ಕುಣಿಯುವ ಲಯವೂ ಸೆಕೆಂಡಿಗೆ 10ರಿಂದ 15ರ ಆಸುಪಾಸಿನದು. ಎರಡೂ ಕೂಡುವಲ್ಲಿ ನಡುಕ ಏರುತ್ತದೆ. ರಿಮ್ ಅಂಚಿನಲ್ಲಿ 20 ಗ್ರಾಂ ಹೆಚ್ಚಿದ್ದರೆ 100ರ ವೇಗದಲ್ಲಿ ಅದು ಸುಮಾರು 3 ಕೆ.ಜಿ. ಭಾರದಷ್ಟು ಬಲದಿಂದ ಹಬ್ಬನ್ನು ಸುತ್ತಲೂ ಎಳೆಯುತ್ತದೆ. 50ರಲ್ಲಿ ಆ ಬಲ ಕಾಲು ಭಾಗ. ಕಲಬುರಗಿ ಪೇಟೆಯ ಸುಪರ್ ಮಾರ್ಕೆಟ್ ಸಂದಣಿಯಲ್ಲಿ ಗಾಡಿ ಎಷ್ಟು ಓಡಿಸಿದರೂ ಏನೂ ಗೊತ್ತಾಗದಿರುವುದು ಇದಕ್ಕೇ.

ಏಪ್ರಿಲ್, ಎರಡನೇ ವಾರ: ಮನೆಯ ಸ್ಟ್ಯಾಂಡ್

20 ಮಿ.ಮೀ. ಬ್ರೈಟ್ ಸ್ಟೀಲ್ ಶಾಫ್ಟ್, ಎರಡು ತುದಿಗೆ 6204 ಬೇರಿಂಗ್, ಗಾಲಿಯನ್ನು ನಡುವೆ ಹಿಡಿಯಲು ಲೇಥಿನಲ್ಲಿ ಕಡೆಸಿದ ಎರಡು ಕೋನ್. 40 ಮಿ.ಮೀ. ಆ್ಯಂಗಲ್‌ನ ಫ್ರೇಮಿನಲ್ಲಿ ವಿ ಆಕಾರದ ಕಚ್ಚು; ಬೇರಿಂಗ್ ಅದರಲ್ಲಿ ಕೂರುತ್ತದೆ. ಫ್ರೇಮಿನ ಎತ್ತರ 400 ಮಿ.ಮೀ. ಟೈರ್ ನೆಲಕ್ಕೆ ತಾಗದಿರಲು ಅಷ್ಟು ಬೇಕು. ಕೆಳಗೆ ದಪ್ಪ ಶಹಾಬಾದ್ ಫರಸಿ ಹಾಸಿ, ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಮಟ್ಟ ಮಾಡಿದ್ದಾಯಿತು.

ಹೊಸ ಬೇರಿಂಗ್ ಹಾಗೇ ಹಾಕಿದರೆ ಕೆಲಸ ಆಗದು. ಸೀಲ್ ಮತ್ತು ಗ್ರೀಸಿನ ಹಿಡಿತವೇ 15-20 ಗ್ರಾಂ ನುಂಗಿಬಿಡುತ್ತದೆ. ಸೀಲ್ ಕಿತ್ತು, ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟ ಮೇಲೆ ರಿಮ್ ಅಂಚಿನ 5 ಗ್ರಾಂ ಗಾಲಿಯನ್ನು ತಿರುಗಿಸುತ್ತದೆ, 3 ಗ್ರಾಂ ತಿರುಗಿಸುವುದಿಲ್ಲ. ಸ್ಟ್ಯಾಂಡಿನ ಮಿತಿ ಅಷ್ಟು.

ಭಾರದ ಜಾಗ ಹುಡುಕುವಾಗ ಗಾಲಿ ನಿಂತಲ್ಲಿ ಒಂದೇ ಗುರುತು ಹಾಕಿದರೆ ತಪ್ಪಾಗುತ್ತದೆ. ಘರ್ಷಣೆಯಿಂದ ಅದು ಕೆಳತುದಿಗೆ ಮುಟ್ಟುವ ಮೊದಲೇ ನಿಲ್ಲುತ್ತದೆ. ಎಡದಿಂದ ಬಿಟ್ಟು ಒಂದು ಗುರುತು, ಬಲದಿಂದ ಬಿಟ್ಟು ಇನ್ನೊಂದು. ಎರಡರ ನಡುವೆ ಭಾರದ ಜಾಗ. ಅದಕ್ಕೆ ಎದುರಾಗಿ ಕಿಟಕಿ ಗಾಜಿನ ಪುಟ್ಟಿ ಅಂಟಿಸಿ, ಗಾಲಿ ಎಲ್ಲಿ ಬಿಟ್ಟರಲ್ಲಿ ನಿಲ್ಲುವವರೆಗೆ ಹೆಚ್ಚು ಕಡಿಮೆ ಮಾಡಿ, ಪುಟ್ಟಿ ಕಿತ್ತು ಸರಾಫರ ತಕ್ಕಡಿಯಲ್ಲಿ ತೂಗಬೇಕು. ಹಸಿ ಎರಿ ಮಣ್ಣಿನ ಉಂಡೆ ಬೇಡ. ಏಪ್ರಿಲ್ ಬಿಸಿಲಿಗೆ ತೂಗುವಷ್ಟರಲ್ಲಿ ನೀರು ಹಾರಿ ಲೆಕ್ಕ ತಪ್ಪುತ್ತದೆ.

ಒಂದನೇ ಗಾಲಿ, ಅಂದರೆ ಮುಂದಿನ ಎಡದ್ದು, 20 ಗ್ರಾಂ ಕೇಳಿತು. ಜಾಗ ವಾಲ್ವಿನಿಂದ 41 ಡಿಗ್ರಿ. ಹೊರಅಂಚಿಗೆ 20ರ ಕ್ಲಿಪ್ ವೇಟ್ ಹೊಡೆದ ಮೇಲೆ ಸ್ಟ್ಯಾಂಡಿನಲ್ಲಿ ಗಾಲಿ ಎಲ್ಲೂ ಅಲುಗಲಿಲ್ಲ. ರಸ್ತೆಯಲ್ಲಿ ಸ್ಟೇರಿಂಗ್ ನಡುಕ ಇನ್ನೂ ಹೆಚ್ಚಿತು.

ಏಪ್ರಿಲ್, ನಾಲ್ಕನೇ ವಾರ: ಅದೇ ಗಾಲಿ ಮಷಿನ್ ಮೇಲೆ

ಈ ದಿನಚರಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಅಂಕಿ ಇಲ್ಲಿದೆ. ಎಲ್ಲ ವೇಟ್ ಕಿತ್ತು, ಗಾಲಿಯನ್ನು ತಿರುಗಿಸಿ ಒಳಅಂಚಿನ ಮತ್ತು ಹೊರಅಂಚಿನ ತಪ್ಪನ್ನು ಬೇರೆ ಬೇರೆ ತೋರಿಸುವ ಡೈನಾಮಿಕ್ ಮಷಿನ್ನಿಗೆ ಹಾಕಿದಾಗ ಒಂದನೇ ಗಾಲಿ ಕೇಳಿದ್ದು ಒಳಅಂಚಿಗೆ ವಾಲ್ವಿನ ನೇರಕ್ಕೆ 30 ಗ್ರಾಂ, ಹೊರಅಂಚಿಗೆ ವಾಲ್ವಿನಿಂದ 140 ಡಿಗ್ರಿ ದೂರದಲ್ಲಿ 20 ಗ್ರಾಂ. ಈ ಎರಡನ್ನೂ ದಿಕ್ಕು ಸಮೇತ ಕೂಡಿಸಿದರೆ 41 ಡಿಗ್ರಿಯಲ್ಲಿ ಸುಮಾರು 20 ಗ್ರಾಂ ಬರುತ್ತದೆ. ಮನೆಯ ಸ್ಟ್ಯಾಂಡ್ ತಪ್ಪು ಹೇಳಿರಲಿಲ್ಲ. ಅದಕ್ಕೆ ಕಾಣುವುದು ಮೊತ್ತ ಮಾತ್ರ.

ಹಳೆಯ 20 ಗ್ರಾಂ ಅನ್ನು ಹೊರಅಂಚಿನ 41 ಡಿಗ್ರಿಗೆ ಮತ್ತೆ ಹಾಕಿ ತಿರುಗಿಸಿದಾಗ ಮಷಿನ್ ತೋರಿಸಿದ್ದು ಒಳಗೆ 30, ಹೊರಗೂ 30, ಒಂದಕ್ಕೊಂದು ಸರಿಯಾಗಿ ಎದುರುಬದುರು. ಮೇಲೆ-ಕೆಳಗಿನ ಕುಣಿತ ಹೋಗಿದೆ, ಎಡ-ಬಲದ ಓಲಾಟ ಮೊದಲಿಗಿಂತ ಹೆಚ್ಚಾಗಿದೆ. 30 ಗ್ರಾಂ 100ರ ವೇಗದಲ್ಲಿ ಸುಮಾರು 4.5 ಕೆ.ಜಿ. ಬಲ, ಒಳಗೆ ಒಂದು ಕಡೆಗೆ, ಹೊರಗೆ ಎದುರು ಕಡೆಗೆ, ನಡುವೆ 127 ಮಿ.ಮೀ. ಅಂತರ. ಗಾಲಿ ಸೆಕೆಂಡಿಗೆ 14 ಸಲ ಎಡಕ್ಕೂ ಬಲಕ್ಕೂ ತಿರುಚಿಕೊಳ್ಳುತ್ತದೆ, ಸ್ಟೇರಿಂಗ್ ರಾಡ್ ಅದನ್ನು ಹಾಗೇ ಕೈಗೆ ತಂದು ಮುಟ್ಟಿಸುತ್ತದೆ.

ಸ್ಟ್ಯಾಂಡ್ ಬಿಟ್ಟು ಬೇರೆ ದಾರಿ ಇಲ್ಲದವರಿಗೆ ಇದರಿಂದ ಒಂದು ಉಪಾಯ ಸಿಕ್ಕಿತು. ಅದೇ 41 ಡಿಗ್ರಿಯಲ್ಲಿ ಒಳಗೆ 10, ಹೊರಗೆ 10 ಹಂಚಿದರೆ ಉಳಿಯುವ ತಪ್ಪು ಎರಡೂ ಕಡೆ 23-24 ಗ್ರಾಂ. ಅದೂ ಒಳ್ಳೆಯದಲ್ಲ, ಆದರೆ ಗಾಲಿಯಲ್ಲಿ ಮೊದಲೇ ಇದ್ದ ಓಲಾಟಕ್ಕೆ ಹೊಸದನ್ನು ಸೇರಿಸುವುದಿಲ್ಲ. ಹೊರಗೆ ಕಾಣದಿರಲಿ ಎಂದು ಇಡೀ ವೇಟ್ ಒಳಅಂಚಿಗೆ ಹೊಡೆಯುವುದನ್ನು ನಾವಂತೂ ಒಪ್ಪುವುದಿಲ್ಲ. ಅಂದಕ್ಕಾಗಿ ಜಾಗ ಬದಲಿಸಿದರೆ ಮಾಡಿದ ಕೆಲಸವೇ ಅರ್ಧ ಹಾಳು.

ಕೊನೆಗೆ ಎಲ್ಲ ಕಿತ್ತು, ಒಳಗೆ 30, ಹೊರಗೆ 20, ಮಷಿನ್ ಹೇಳಿದ ಜಾಗಕ್ಕೇ. ಮರು ತಿರುಗಣೆಯಲ್ಲಿ ಎರಡೂ ಸೊನ್ನೆ. ಮಷಿನ್ 5 ಗ್ರಾಂ ಒಳಗಿನದನ್ನು ಸೊನ್ನೆ ಎಂದು ತೋರಿಸುತ್ತದೆ. ಫೈನ್ ಬಟನ್ ಒತ್ತಿದಾಗ ಒಳಗೆ 2, ಹೊರಗೆ 3.

ಜಾಗದ ಲೆಕ್ಕ

14 ಇಂಚಿನ ರಿಮ್ಮಿನ ಸುತ್ತಳತೆ 1117 ಮಿ.ಮೀ., ಅಂದರೆ ಒಂದು ಡಿಗ್ರಿಗೆ ಸುಮಾರು 3 ಮಿ.ಮೀ. 30 ಗ್ರಾಂ ವೇಟ್ ಬರೀ 3 ಸೆಂ.ಮೀ. ಪಕ್ಕಕ್ಕೆ ಕೂತರೆ 5 ಗ್ರಾಂ ತಪ್ಪು ಉಳಿಯುತ್ತದೆ, 60 ಗ್ರಾಂ ಆದರೆ 10. ವೇಟ್ ಉದ್ದವಾಗಿದ್ದರೆ ಅದರ ನಡುಭಾಗ ಗುರುತಿಗೆ ಬರಬೇಕು, ತುದಿ ಅಲ್ಲ. ಎರಡನೇ ತಿರುಗಣೆಯಲ್ಲಿ ಇನ್ನೂ 5-10 ಬಂದರೆ ಹೊಸ ತುಣುಕು ಅಂಟಿಸುವ ಮೊದಲು ಅದು ಎಲ್ಲಿ ಬಂತು ನೋಡಬೇಕು. ಹಾಕಿದ ವೇಟಿನ ಮೇಲೆಯೇ ಬಂದರೆ ಸಾಲದು, ಸರಿಯಾಗಿ ಎದುರಿಗೆ ಬಂದರೆ ಹೆಚ್ಚಾಯಿತು. ಕಾಲು ಸುತ್ತು ಪಕ್ಕಕ್ಕೆ ಬಂದರೆ ತೂಕ ಸರಿಯಿದೆ, ವೇಟನ್ನೇ ಆ ಕಡೆಗೆ ಸರಿಸಬೇಕು. ಇದನ್ನು ನೋಡದೆ ಸೇರಿಸುತ್ತ ಹೋದ ರಿಮ್ಮಿನಲ್ಲಿ ಐದಾರು ತುಣುಕು ಸುತ್ತಲೂ ಅಂಟಿರುತ್ತವೆ, ಒಂದನ್ನೊಂದು ಎಳೆದಾಡುತ್ತ.

ಕೋನ್ ಬಗ್ಗೆಯೂ ಇಲ್ಲೇ ಬರೆದಿಡಬೇಕು. ಟೈರ್ ಸಮೇತ ಈ ಗಾಲಿ ಸುಮಾರು 14 ಕೆ.ಜಿ. ಮಷಿನ್ ಶಾಫ್ಟಿನ ಮೇಲೆ ಅದು 0.1 ಮಿ.ಮೀ. ಪಕ್ಕಕ್ಕೆ ಕೂತರೂ ಪರದೆಯಲ್ಲಿ 8 ಗ್ರಾಂ ಸುಳ್ಳು ಮೂಡುತ್ತದೆ. ರಿಮ್ ತೂತಿನ ತುಕ್ಕು, ಒಣಗಿದ ರಾಡಿ, ಕೋನಿಗೆ ಅಂಟಿದ ಗ್ರೀಸ್, ಯಾವುದೂ ಸಾಕು ಇಷ್ಟಕ್ಕೆ. ಕೋನನ್ನು ಒಳಗಿನಿಂದ ಹಾಕಿ ಹೊರಗೆ ಕಪ್ ಒತ್ತಿ ಹಿಡಿಯುವುದು ಸ್ಟೀಲ್ ರಿಮ್ಮಿಗೂ ಅಲಾಯ್‌ಗೂ ಒಳ್ಳೆಯದು. ಹಬ್ ಮುಟ್ಟುವ ಮುಖವೇ ಮಷಿನ್ನಿಗೂ ಮುಟ್ಟುತ್ತದೆ. ಪರೀಕ್ಷೆ ಸುಲಭ: ಸೊನ್ನೆ ಬಂದ ಮೇಲೆ ನಟ್ ಸಡಿಲಿಸಿ, ಗಾಲಿಯನ್ನು ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸುವುದು. 10 ಗ್ರಾಂಗಿಂತ ಹೆಚ್ಚು ಬಂದರೆ ತಪ್ಪು ಕೂರಿಸಿದ್ದರಲ್ಲಿದೆ. ವೇಟ್ ಮುಟ್ಟಬಾರದು.

ಮೇ: ಮೂರನೇ ಗಾಲಿ ಮತ್ತು ಸ್ಟೆಪ್ನಿ

ಎರಡು ಮತ್ತು ನಾಲ್ಕನೇ ಗಾಲಿ 15ರಿಂದ 25 ಗ್ರಾಂ ಒಳಗೆ ಮುಗಿದವು.

ಮೂರನೆಯದು ಹೊರಗಡೆ ಒಂದಕ್ಕೇ 75 ಗ್ರಾಂ ಕೇಳಿತು. ಇಷ್ಟು ಬಂದಾಗ ವೇಟ್ ಡಬ್ಬಿಗೆ ಕೈ ಹಾಕಬಾರದು. ಗಾಳಿ ತೆಗೆದು, ಬೀಡ್ (ಟೈರಿನ ರಿಮ್ ಹಿಡಿಯುವ ಅಂಚು) ಬಿಡಿಸಿ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದಾಗ 35ಕ್ಕೆ ಇಳಿಯಿತು. ರಿಮ್ಮಿನ ಭಾರ, ಟೈರಿನ ಭಾರ ಒಂದೇ ಕಡೆ ಕೂಡಿದ್ದವು. ಹೊಸ ಟೈರಾದರೆ ಪಕ್ಕೆಯ ಹಳದಿ ಚುಕ್ಕೆ ಹಗುರ ಜಾಗದ ಗುರುತು. ಅದನ್ನು ವಾಲ್ವಿನ ನೇರಕ್ಕೆ ತಂದು ಕೂರಿಸಿದರೆ ಇಂಥ ಕೆಲಸ ಮೊದಲಿಗೇ ತಪ್ಪುತ್ತದೆ. ಬೀಡ್ ಜಾರಲು ಹಚ್ಚಿದ ಸಾಬೂನು ಒಣಗುವವರೆಗೆ, ಒಂದು ದಿನ, ಜೋರು ಬ್ರೇಕ್ ಬೇಡ. ಟೈರ್ ರಿಮ್ಮಿನ ಮೇಲೆ ಜಾರಿ ಬ್ಯಾಲೆನ್ಸ್ ಕೆಡುತ್ತದೆ. ಟೈರಿಗೂ ರಿಮ್ಮಿಗೂ ಸೇರಿಸಿ ಎಳೆದ ಒಂದು ಬಿಳಿ ಗೆರೆ ಇದನ್ನು ತೋರಿಸಿಕೊಡುತ್ತದೆ.

ಸ್ಟೆಪ್ನಿ ಒಂದೊಂದು ತಿರುಗಣೆಗೆ ಒಂದೊಂದು ಹೇಳಿತು: 25, 40, 15, ಜಾಗವೂ ಬೇರೆ ಬೇರೆ. ಅಂಕಿ ನಿಲ್ಲದಿದ್ದರೆ ಒಳಗೆ ಏನೋ ಓಡಾಡುತ್ತಿದೆ ಎಂದು ಅರ್ಥ. ಬಿಚ್ಚಿದಾಗ ಅರ್ಧ ಲೋಟ ನೀರು. ಕಂಪ್ರೆಸರ್ ಟ್ಯಾಂಕಿನ ತಳದ ನೀರನ್ನು ದಿನಾ ಬಿಡದಿದ್ದರೆ ಅದು ಗಾಳಿಯ ಜೊತೆ ಟೈರಿಗೆ ಬರುತ್ತದೆ. ಪಂಕ್ಚರ್ ದ್ರವ ತುಂಬಿದ ಟೈರಿನದೂ ಇದೇ ಕಥೆ. ಅದನ್ನು ತೊಳೆದು ತೆಗೆಯದೆ ಬ್ಯಾಲೆನ್ಸ್ ಮಾಡಿದರೆ ದುಡ್ಡು ದಂಡ.

ಮಧ್ಯಾಹ್ನ 42 ಡಿಗ್ರಿಯಲ್ಲಿ ಗಾಳಿ ಅಳೆಯಬಾರದು. ಪ್ರತಿ 10 ಡಿಗ್ರಿಗೆ ಸುಮಾರು 1.5 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು ಅಳೆಯುವುದೇ ಸರಿ. ವಾರಗಟ್ಟಲೆ ನಿಂತ ಗಾಡಿಯ ಟೈರ್ ನೆಲ ಮುಟ್ಟಿದಲ್ಲಿ ಚಪ್ಪಟೆಯಾಗಿರುತ್ತದೆ. ಸೇಡಂ ರಸ್ತೆಯಲ್ಲಿ 10-15 ಕಿ.ಮೀ. ಓಡಿಸಿ ತಂದೇ ಮಷಿನ್ನಿಗೆ ಹಾಕಬೇಕು.

ಜೂನ್: ಅಲಾಯ್ ಮತ್ತು ಅಂಟುವ ವೇಟ್

ಐದು ಕಡ್ಡಿಯ ಅಲಾಯ್ ಬಂತು. ಅಲಾಯ್ ಅಂಚಿಗೆ ಸ್ಟೀಲ್ ರಿಮ್ಮಿನ ಕ್ಲಿಪ್ ಹೊಡೆದರೆ ಹಿಡಿಯುವುದಿಲ್ಲ, ಪೇಂಟ್ ಕಿತ್ತು ಅಲ್ಲಿಂದ ಬಿಳಿ ಹುಡಿ ಏಳುತ್ತದೆ. ಇದಕ್ಕೆ 5 ಮತ್ತು 10 ಗ್ರಾಂ ತುಣುಕಿನ ಅಂಟುವ ಪಟ್ಟಿ. ಯುರೋಪಿನಲ್ಲಿ 2005ರಿಂದ ಕಾರುಗಳಿಗೆ ಸೀಸದ ವೇಟ್ ನಿಷೇಧ. ಈಗಿನ ಪಟ್ಟಿಗಳು ಹೆಚ್ಚಾಗಿ ಕಬ್ಬಿಣದವು. ಕಬ್ಬಿಣ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗಾತ್ರ ಸುಮಾರು ಒಂದೂವರೆ ಪಟ್ಟು. ಹಾಗಾಗಿ ಬ್ರೇಕ್ ಕ್ಯಾಲಿಪರಿಗೆ ತಾಗದಂತೆ ಕನಿಷ್ಠ 3 ಮಿ.ಮೀ. ಬಿಟ್ಟಿದೆಯೇ ಎಂದು ಗಾಲಿ ಕೈಯಲ್ಲಿ ತಿರುಗಿಸಿ ನೋಡಲೇಬೇಕು.

ಅಂಟುವ ವೇಟಿನಲ್ಲಿ ಜಾಗದ ಮಾತು ಇನ್ನೂ ಬಿಗಿ. ಓಲಾಟ ತೆಗೆಯುವುದು ತೂಕ ಮತ್ತು ಎರಡು ಸಾಲುಗಳ ಅಂತರ ಎರಡೂ ಸೇರಿ. 127 ಮಿ.ಮೀ. ಅಂತರಕ್ಕೆ 30-30 ಗ್ರಾಂ ಸಾಕಾದರೆ, ಸಾಲುಗಳನ್ನು 64 ಮಿ.ಮೀ.ಗೆ ಹತ್ತಿರ ತಂದಾಗ 60-60 ಬೇಕು. ಒಂದು ಸಾಲು ಒಳಅಂಚಿಗೆ ಆದಷ್ಟು ಹತ್ತಿರ, ಇನ್ನೊಂದು ಕಡ್ಡಿಯ ಬೆನ್ನಿಗೆ ತಾಗುವಂತೆ. ಮಷಿನ್ನಿಗೂ ಅದೇ ಜಾಗದ ಅಳತೆ ಕೊಡಬೇಕು. ಕ್ಲಿಪ್ ಮೋಡಿನಲ್ಲಿಟ್ಟು ಒಳಗೆ ಅಂಟಿಸುವುದೇ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು: ಅಂಚಿನ ತ್ರಿಜ್ಯಕ್ಕೆ ಲೆಕ್ಕ ಹಾಕಿದ ಗ್ರಾಂ ಒಳಗಿನ ಕಡಿಮೆ ತ್ರಿಜ್ಯಕ್ಕೆ ಸಾಲುವುದಿಲ್ಲ, ಸೊನ್ನೆ ಬರುವುದೇ ಇಲ್ಲ.

ಎರಡನೇ ಅಲಾಯ್‌ನಲ್ಲಿ 30 ಗ್ರಾಂ ಜಾಗ ಸರಿಯಾಗಿ ಎರಡು ಕಡ್ಡಿಗಳ ನಡುವೆ, ಹೊರಗೆ ಕಾಣುವಲ್ಲಿ ಬಂತು. ಕಡ್ಡಿಗಳ ಹಿಂದೆ ಹಂಚಿದ್ದಾಯಿತು. ಎರಡೂ ಬದಿಗೆ 36 ಡಿಗ್ರಿ ಇರುವಾಗ ಒಂದೊಂದಕ್ಕೆ ಬೇಕಾದ್ದು 15 ಅಲ್ಲ, 18.5 ಗ್ರಾಂ. 20-20 ಇಟ್ಟರೆ ತಪ್ಪು 2.4 ಗ್ರಾಂ ಮಾತ್ರ. 20-15 ಇಟ್ಟರೆ ಮೊತ್ತ ಹತ್ತಿರ ಅನಿಸಿದರೂ ತೂಕ ಒಂದು ಕಡೆಗೆ ವಾಲಿ ತಪ್ಪು 3.4ಕ್ಕೆ ಏರುತ್ತದೆ.

ಅಂಟಿಸುವ ಮೊದಲು ಸ್ಪಿರಿಟ್ ಬಟ್ಟೆಯಿಂದ ಎರಡು ಸಲ ಒರೆಸಬೇಕು. ಟೈರ್ ಪಾಲಿಶಿನ ಸಿಲಿಕಾನ್ ಒಂದು ಬೆರಳಚ್ಚಿನಷ್ಟಿದ್ದರೂ ಪಟ್ಟಿ ಹಾರುತ್ತದೆ. ಕಾಗದ ಕಿತ್ತ ಮೇಲೆ ಅಂಟು ಮುಟ್ಟದೆ, ಹೆಬ್ಬೆರಳಿನಿಂದ ತುಣುಕು ತುಣುಕಾಗಿ ಒತ್ತುವುದು. ಒಮ್ಮೆ ಕಿತ್ತ ಪಟ್ಟಿ ಮತ್ತೆ ಹಾಕಬಾರದು. ಹಿಡಿತ ಸಡಿಲಾದ ಹಳೇ ಕ್ಲಿಪ್ಪಿಗೂ ಇದೇ ಮಾತು.

ಈ ಗಾಡಿಯ ಹಬ್ 54.1 ಮಿ.ಮೀ. ಹೊರಗಿನ ಅಲಾಯ್‌ಗಳ ತೂತು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ನಡುವೆ ರಿಂಗ್ ಹಾಕದಿದ್ದರೆ ಮಷಿನ್ ಮೇಲೆ ಸೊನ್ನೆ ಬಂದ ಗಾಲಿ ಗಾಡಿಯ ಮೇಲೆ ಪಕ್ಕಕ್ಕೆ ಕೂತು ನಡುಗುತ್ತದೆ. ನಟ್ಟುಗಳನ್ನು ಗಾಲಿ ಎತ್ತಿರುವಾಗಲೇ ಎದುರುಬದುರಾಗಿ ಕೂರಿಸಿ, ಇಳಿಸಿದ ಮೇಲೆ ಟಾರ್ಕ್ ಪಾನಾದಿಂದ ಬಿಗಿದಿದೆ.

ಜುಲೈ: ಎರಿ ಹೊಲದ ರಾಡಿ

ಮುಂಗಾರು ಹಿಡಿದ ಮೇಲೆ ಜೇವರ್ಗಿ ಕಡೆಯ ತೊಗರಿ ಹೊಲದ ದಾರಿಯಿಂದ ಬಂದ ಗಾಡಿ 70ಕ್ಕೇ ನಡುಗಿತು. ವೇಟಿನ ಮೇಲೂ ರಿಮ್ಮಿನ ಮೇಲೂ ಸೇರಿಸಿ ಎಳೆದಿದ್ದ ಗೆರೆ ಎಲ್ಲದರಲ್ಲೂ ಸರಿಯಾಗಿತ್ತು, ಒಂದೂ ಉದುರಿರಲಿಲ್ಲ. ರಿಮ್ಮಿನ ಒಳಬದಿಯಲ್ಲಿ ಒಣಗಿದ ಎರಿ ಮಣ್ಣು. ಕೆರೆದು ತೂಗಿದರೆ 180 ಗ್ರಾಂ, ಎಲ್ಲವೂ ಒಂದೇ ಕಡೆ. ರಾತ್ರಿ ಗಾಡಿ ನಿಂತಾಗ ಹಸಿ ರಾಡಿ ಕೆಳಕ್ಕಿಳಿದು ಅಲ್ಲೇ ಗಟ್ಟಿಯಾಗುತ್ತದೆ. ಪೈಪಿನ ನೀರನ್ನು ಒಳಬದಿಗೆ ಬಿಟ್ಟು, ಗಾಲಿ ಅರ್ಧ ಸುತ್ತು ಉರುಳಿಸಿ ಮತ್ತೆ ಬಿಟ್ಟು ತೊಳೆದದ್ದೇ ತಡ, ನಡುಕ ಹೋಯಿತು. ಕೆರೆಯಲು ಮರದ ಚಕ್ಕೆ ಬಳಸಬೇಕು. ಸ್ಕ್ರೂಡ್ರೈವರ್ ಪಟ್ಟಿಯನ್ನೇ ಎಬ್ಬಿಸುತ್ತದೆ. ಮಳೆಗಾಲದಲ್ಲಿ ನಡುಕ ಬಂದರೆ ಮಷಿನ್ನಿಗಿಂತ ಮೊದಲು ನೀರು.

ಈಗಿನ ಸ್ಥಿತಿ

ನಾಲ್ಕು ಅಲಾಯ್‌ಗಳೂ ಎರಡೂ ಸಾಲಿನಲ್ಲಿ 5 ಗ್ರಾಂ ಒಳಗೆ. ಹೆದ್ದಾರಿಯಲ್ಲಿ 100ರವರೆಗೆ ಸ್ಟೇರಿಂಗ್ ಶಾಂತ. ಸ್ಟೀಲ್ ರಿಮ್ಮುಗಳಲ್ಲಿ ಮೂರನೆಯದಕ್ಕೆ ಡಯಲ್ ಗೇಜ್ ಹಿಡಿದಾಗ ಮೇಲೆ-ಕೆಳಗಿನ ಓಟ 1.8 ಮಿ.ಮೀ. ಬಂತು. ಬ್ಯಾಲೆನ್ಸ್ ಸೊನ್ನೆಯಿದ್ದರೂ ದುಂಡಗಿಲ್ಲದ ಗಾಲಿ ಕುಣಿಯುವುದನ್ನು ಯಾವ ವೇಟೂ ತಡೆಯದು; ಅದನ್ನು ಸ್ಟೆಪ್ನಿಯಾಗಿ ಡಿಕ್ಕಿಗೆ ಹಾಕಿದೆ. ಅಂಟು ಪಟ್ಟಿಗಳನ್ನು ಮಳೆಗಾಲ ಮುಗಿದ ಮೇಲೆ ಒಂದೊಂದಾಗಿ ಉಗುರಿನಿಂದ ತಟ್ಟಿ ನೋಡುವ ಕೆಲಸ ಬಾಕಿ ಇದೆ.