ಎಪ್ಪತ್ತೆಂಟರ ತಟ್ಟೆಗಳು: ಬೇಸಿಗೆಯ ಒಂದು ಭಾನುವಾರದ ಖರೀದಿ, ಊಟ, ಶ್ರುತಿ ಪರೀಕ್ಷೆ

ಹಳೆಯ ಮೈಸೂರು ಸೀಮೆಯ ಮತ್ತು ಹುಬ್ಬಳ್ಳಿ-ಧಾರವಾಡದ ಕಡೆಯ ಸಂಗೀತಗಾರರು ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದ್ದನ್ನು, ನುಡಿಸಿದ್ದನ್ನು ಹುಡುಕಿ ತಂದು, ಒಂದೊಂದು ಮಗ್ಗುಲನ್ನೂ ಸರಿಯಾದ ವೇಗದಲ್ಲಿ ಕಂಪ್ಯೂಟರಿಗೆ ಇಳಿಸಿಡುವ ಕೆಲಸವನ್ನು ನಾನೂ ನನ್ನ ಗೆಳೆಯನೂ ಸೇರಿ ಮಾಡುತ್ತಿದ್ದೇವೆ. ತಟ್ಟೆ, ಅದನ್ನು ನುಡಿಸುವ ಮುಳ್ಳು, ತಂತಿಗಳ ಭಾಗ ನನ್ನದು. ಹಾರ್ಮೋನಿಯಂ ನುಡಿಸುವ ಗೆಳೆಯನದು ಕಿವಿಯ ಭಾಗ. ಚಳಿಗಾಲದಲ್ಲಿ ಇಳಿಸುವ ಕೆಲಸವೇ ಹೆಚ್ಚಾಗಿ ನಡೆದು ಹೊಸ ತಟ್ಟೆಗಳನ್ನು ಕೊಳ್ಳುವುದು ನಿಂತುಹೋಗಿತ್ತು. ಆದ್ದರಿಂದ ಏಪ್ರಿಲ್ ತಿಂಗಳ ಒಂದು ಭಾನುವಾರವನ್ನು ಪೂರ್ತಿಯಾಗಿ ಖರೀದಿಗೆಂದೇ ತೆಗೆದಿರಿಸಿಕೊಂಡೆವು.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಭಾನುವಾರ ಸೇರುವ ಹಳೇ ಸಾಮಾನಿನ ಸಂತೆಗೆ ಬೆಳಗಿನ ಹೊತ್ತಿನಲ್ಲೇ ಹೋಗಬೇಕು. ಒಳ್ಳೆಯ ಪದಾರ್ಥ ಬೇಗ ಕೈಬದಲಾಗುತ್ತದೆ ಎನ್ನುವುದು ಒಂದು ಕಾರಣವಾದರೆ, ಆ ಹೊತ್ತಿನ ಓರೆ ಬಿಸಿಲು ಇನ್ನೊಂದು ಕಾರಣ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಓರೆ ಬೆಳಕಿಗೆ ವಾಲಿಸಿದರೆ ಮೇಲ್ಮೈಯ ಗೀರುಗಳು ಒಂದೂ ಬಿಡದೆ ಕಾಣುತ್ತವೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಇದೇ ತಟ್ಟೆ ಬರೀ ಹೊಳೆಯುತ್ತದೆ. ಹಿಂದೆ ಉಕ್ಕಿನ ಮುಳ್ಳನ್ನು ಮಗ್ಗುಲಿಗೊಂದರಂತೆ ಬದಲಾಯಿಸಬೇಕಿತ್ತು. ಹಾಗೆ ಮಾಡದೆ ಸವೆದ ಮುಳ್ಳಿನಲ್ಲೇ ಮತ್ತೆ ಮತ್ತೆ ನುಡಿಸಿದ ತಟ್ಟೆಯ ಕಪ್ಪು ಬಣ್ಣ ಮಾಸಿ ಬೂದಿಗೆ ತಿರುಗಿರುತ್ತದೆ. ಅಂಥದರಲ್ಲಿ ಹಾಡಿಗಿಂತ ಕರಕರ ಸದ್ದೇ ಹೆಚ್ಚು. ಕೂದಲೆಳೆಯಂಥ ಸೀಳು ಕಣ್ಣಿಗೆ ಬೀಳದಿದ್ದರೂ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಗೊತ್ತಾಗುತ್ತದೆ. ಗಟ್ಟಿ ತಟ್ಟೆ ಸ್ಪಷ್ಟವಾಗಿ ದನಿಗೊಡುತ್ತದೆ, ಸೀಳಿದ್ದು ಒಡಕಲಾಗಿ ಕೇಳಿಸುತ್ತದೆ.

ವ್ಯಾಪಾರಿ ಒಂದು ಗೋಣಿಚೀಲದ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಂಡು ಕೂತಿದ್ದರು. “ಎಲ್ಲಾ ಬಿಡಿಸಿ ನೋಡ್ಕೊಳ್ಳಿ ಸಾರ್, ಆಮೇಲೆ ರೇಟು ಮಾತಾಡೋಣ” ಎಂದು ನಮಗೇ ಬಿಟ್ಟುಕೊಟ್ಟರು. ಹೆಚ್ಚಿನವು ಹಿಂದಿ ಚಿತ್ರಗೀತೆಗಳು. ಅವನ್ನು ಬೇರೆಯವರು ಚೆನ್ನಾಗಿ ಕಾಪಾಡಿಟ್ಟಿರುವುದರಿಂದ ನಮ್ಮ ಪಟ್ಟಿಯಲ್ಲಿಲ್ಲ. ರಾಶಿಯ ತಳದ ಕಡೆಯಿಂದ ಹತ್ತು ಅಂಗುಲದ ಎಚ್‌ಎಂವಿ ಕಂಪನಿಯ ಒಂದು ತಟ್ಟೆಯನ್ನು ಗೆಳೆಯ ಎಳೆದು ತೆಗೆದು, ಅಂಗಿಯ ತುದಿಯಿಂದ ಲೇಬಲ್ಲಿನ ಧೂಳು ಒರೆಸಿ, ಏನೂ ಹೇಳದೆ ನನ್ನ ಕಡೆ ತಿರುಗಿಸಿದ. ಗಾಯಕಿಯ ಹೆಸರಿರುವ ಜಾಗದಲ್ಲಿ ‘ಗಾಂಧಾರಿ, ಹುಬ್ಬಳ್ಳಿ’ ಎಂದಿತ್ತು.

ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಧ್ವನಿಮುದ್ರಣ ಆರಂಭಿಸಿದಾಗ ಅವರ ತಟ್ಟೆಗಳು ಬಂದದ್ದು ಈ ಹೆಸರಿನಲ್ಲಿ. 1913ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ನಾವೆಲ್ಲ ಬಲ್ಲ ಆ ಗಂಭೀರವಾದ, ಗಂಡುದನಿಯಂಥ ಕಂಠ ಈ ತಟ್ಟೆಗಳಲ್ಲಿ ಇಲ್ಲ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ತಗ್ಗಿದ್ದು. ಇಲ್ಲಿರುವುದು ಏರುದನಿಯ, ತೆಳುವಾದ, ಚುರುಕಾದ ಕಂಠ. ಆದ್ದರಿಂದಲೇ ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಸಿಗದು: ಕೇಳುವ ದನಿ ಇಷ್ಟು ಎತ್ತರದಲ್ಲಿರುವುದು ಹಾಡಿದವರ ಕಂಠದಿಂದಲೋ ಅಥವಾ ತಟ್ಟೆ ವೇಗವಾಗಿ ತಿರುಗುತ್ತಿರುವುದರಿಂದಲೋ ಎಂಬ ಪ್ರಶ್ನೆಯನ್ನು ತೀರ್ಮಾನಿಸದೆ ಇಂಥ ಧ್ವನಿಯನ್ನು ಸಂಗ್ರಹಕ್ಕೆ ಸೇರಿಸುವುದು ಸರಿಯಲ್ಲ.

ಅದರ ಜೊತೆಗೆ ಒಂದು ದೇವರನಾಮದ ತಟ್ಟೆಯನ್ನೂ ಒಂದು ನಾಟಕದ ಹಾಡಿನ ತಟ್ಟೆಯನ್ನೂ ಕೊಂಡೆವು. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಒಂದು ಎಲ್‌ಪಿಯನ್ನು (ಹೆಚ್ಚು ಹೊತ್ತು ನುಡಿಯುವ, ನಂತರದ ಕಾಲದ ತಟ್ಟೆ) ಗೆಳೆಯ ತನಗಾಗಿ ತೆಗೆದುಕೊಂಡ. ಇನ್ನೊಬ್ಬರ ಬಳಿ ಕ್ಯಾಸೆಟ್ಟುಗಳಿದ್ದವು. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ ಹೊರಬಂದ ಭಾವಗೀತೆಗಳ ಕ್ಯಾಸೆಟ್ಟಿನ ಒಂದು ಪ್ರತಿಯೂ ಅಲ್ಲಿ ಸಿಕ್ಕಿತು. ಟೇಪನ್ನು ಒತ್ತಿಹಿಡಿಯುವ ಫೆಲ್ಟ್ ತುಂಡು ಉದುರಿರಲಿಲ್ಲವಾದ್ದರಿಂದ ಅದನ್ನೂ ಕಟ್ಟಿಸಿಕೊಂಡೆವು.

ಚಿಕ್ಕಪೇಟೆಯ ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಖಾಲಿ ದೋಸೆ ತಿಂದು, ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಗಳಲ್ಲಿ ಗ್ರಾಮಫೋನ್ ಕಂಪನಿಗಳ ಪಟ್ಟಿಪುಸ್ತಕಗಳಿಗಾಗಿ ಹುಡುಕಿದೆವು, ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಬಿಸಿಲು ಏರಿತ್ತು. ಬೇಸಿಗೆಯ ಖರೀದಿಯಲ್ಲಿ ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಎಪ್ಪತ್ತೆಂಟರ ತಟ್ಟೆ ಅರಗು ಮತ್ತು ಕಲ್ಲುಪುಡಿ ಬೆರೆಸಿ ಮಾಡಿದ್ದು, ಬಿದ್ದರೆ ಚೂರಾಗುತ್ತದೆ. ಎಲ್‌ಪಿ ವಿನೈಲಿನದು, ಬಿದ್ದರೆ ಏನೂ ಆಗದು, ಆದರೆ ಬಿಸಿಲಿಗೆ ಬಿಟ್ಟ ಕಾರಿನೊಳಗೆ ಸ್ವಲ್ಪ ಹೊತ್ತಿನಲ್ಲೇ ಹಪ್ಪಳದಂತೆ ಡೊಂಕಾಗುತ್ತದೆ. ಎರಡನ್ನೂ ನೆಟ್ಟಗೆ ನಿಲ್ಲಿಸಿ ಒಯ್ಯಲೆಂದು ನಾವು ಒಳಗೆ ರಟ್ಟು ಹಾಕಿದ ಮರದ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡಿದ್ದೇವೆ. ಅದು ಎಲ್ಲಿಗೆ ಹೋದರೂ ನಮ್ಮ ಜೊತೆಗೇ ಒಳಗೆ ಬರುತ್ತದೆ.

ಹೀಗೆ ಅದು ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೂ ಬಂದು, ಊಟ ಮುಗಿಯುವವರೆಗೆ ಮೇಜಿನ ಕೆಳಗಿನ ತಂಪಿನಲ್ಲಿತ್ತು. 1924ರಲ್ಲಿ ಶುರುವಾದ ಈ ಹೋಟೆಲಿನಲ್ಲಿ ಹೆಸರು ಬರೆಸಿ ಕಾಯುವ ಹೊತ್ತೂ ನಮಗೆ ವ್ಯರ್ಥವಾಗುವುದಿಲ್ಲ. ಕೊಂಡ ತಟ್ಟೆಗಳ ಲೇಬಲ್ಲಿನ ವಿವರಗಳನ್ನು ಅಲ್ಲೇ ಪುಸ್ತಕಕ್ಕೆ ಏರಿಸಿಕೊಳ್ಳುತ್ತೇವೆ. ಕೋಸಂಬರಿ, ಪಲ್ಯ, ಬಿಸಿಬೇಳೆಬಾತು, ಮೊಸರನ್ನ ಎಲ್ಲವೂ ಒಂದರ ಹಿಂದೊಂದು ಬಂದವು. ಭಾನುವಾರದ ವಿಶೇಷವಾದ ಚಂದ್ರಹಾರವನ್ನು, ಗರಿಗರಿಯಾದ ಪದರಗಳ ಮೇಲೆ ಸುರಿದ ಖೋವಾ ಪಾಕ ಅದನ್ನು ಮೆತ್ತಗಾಗಿಸುವ ಮೊದಲೇ ತಿಂದು ಮುಗಿಸಬೇಕೆಂಬುದು ಗೆಳೆಯನ ಖಚಿತ ಅಭಿಪ್ರಾಯ, ನನ್ನದೂ ಅದೇ.

ಊಟದ ನಡುವೆ ಮಾತು ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಕಡೆಗೆ ಹೋಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಅವರು ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಮುದ್ರಿಸಿದ ಮೇಣದ ಮೂಲವನ್ನು ಜರ್ಮನಿಯ ಹ್ಯಾನೋವರಿಗೆ ಕಳಿಸಿ ತಟ್ಟೆಗಳನ್ನು ಮಾಡಿಸುತ್ತಿದ್ದ ಕಾಲ ಅದು; ಅಲ್ಲಿನ ಕೆಲಸಗಾರರಿಗೆ ಯಾವುದು ಯಾರ ಹಾಡೆಂದು ತಿಳಿಯಲು ಆ ಮಾತು ನೆರವಾಗುತ್ತಿತ್ತು. ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದ ಅವರು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಹಾಡುಗಳಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಕಾಲದ ಹಿಡಿತ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸಿಗುವುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡಬಲ್ಲವರು ಆ ಅವಧಿಯೊಳಗೆ ರಾಗದ ಮುಖವನ್ನು ತೋರಿಸಿ, ಚೀಜನ್ನು (ಹಾಡುವ ರಚನೆಯನ್ನು) ಹೇಳಿ, ಕೆಲವೇ ತಾನುಗಳಲ್ಲಿ (ವೇಗದ ಸ್ವರಸರಣಿಗಳಲ್ಲಿ) ಅದನ್ನು ಮುಗಿತಾಯಕ್ಕೆ ತರುತ್ತಿದ್ದರು. ಇದನ್ನು ದೊಡ್ಡ ಕಛೇರಿಯ ತುಣುಕೆಂದು ನೋಡುವುದು ತಪ್ಪು. ಇದು ಬೇರೆಯದೇ ಆದ ಒಂದು ಕಟ್ಟು. ಆದ್ದರಿಂದಲೇ ಒಂದು ಮಗ್ಗುಲನ್ನು ಎಲ್ಲಿಯೂ ಕತ್ತರಿಸದೆ, ವೇಗ ತಪ್ಪಿಸದೆ, ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಉಳಿಸಬೇಕೆಂದು ನಾವು ಹಟ ಹಿಡಿದಿರುವುದು.

ಮಧ್ಯಾಹ್ನ ಬಸವನಗುಡಿಯ ಗೆಳೆಯನ ಮನೆಯಲ್ಲಿ ಗಾಂಧಾರಿಯ ತಟ್ಟೆಯನ್ನು ತೊಳೆದೆವು. ಬಟ್ಟಿ ಇಳಿಸಿದ ನೀರಿಗೆ ಎರಡು ಹನಿ ಸೌಮ್ಯವಾದ ಸೋಪು ಸಾಕು. ಎಲ್‌ಪಿ ತೊಳೆಯುವ ಸ್ಪಿರಿಟ್ಟನ್ನು ಇದಕ್ಕೆ ಎಂದೂ ಸೋಕಿಸಬಾರದು, ಅದರಲ್ಲಿ ಅರಗು ಕರಗುತ್ತದೆ. ಲೇಬಲ್ಲಿಗೆ ನೀರು ತಗುಲದಂತೆ, ಮುಳ್ಳು ಓಡುವ ಸುತ್ತುಗೆರೆಗಳ ಗುಂಟ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಫ್ಯಾನಿನ ಕೆಳಗೆ ನೆಟ್ಟಗೆ ಆರಲು ಇಟ್ಟೆವು. ಮುಳ್ಳು ಸಹ ಈ ತಟ್ಟೆಗಳಿಗೆಂದೇ ಇರುವ, ಸುಮಾರು ಮೂರು ಮಿಲ್ (ಅಂಗುಲದ ಸಾವಿರದಲ್ಲಿ ಮೂರು ಪಾಲು) ತುದಿಯದು. ಎಲ್‌ಪಿಯ ಸಣ್ಣ ಮುಳ್ಳು ಅಗಲವಾದ ಸುತ್ತುಗೆರೆಯ ತಳಕ್ಕಿಳಿದು ಅಲ್ಲಿನ ಕಸವನ್ನೇ ನುಡಿಸುತ್ತದೆ. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಕಾರ್ಟ್ರಿಜ್ಜಿನ ಎರಡು ಚಾನೆಲ್ಲುಗಳನ್ನು ಒಂದಾಗಿ ಕೂಡಿಸಿದಾಗ, ಮುಳ್ಳಿನ ಮೇಲೆ-ಕೆಳಗಿನ ಅಲುಗಾಟದಿಂದ ಹುಟ್ಟುವ ಸದ್ದು ಬಹುಪಾಲು ಅಳಿದು, ಅಕ್ಕಪಕ್ಕದ ಚಲನೆಯಲ್ಲಿರುವ ಸಂಗೀತವಷ್ಟೇ ಉಳಿಯುತ್ತದೆ. ಮೂಲಪ್ರತಿಗೆ ಸದ್ದು ತೆಗೆಯುವ ಯಾವ ಸಾಫ್ಟ್‌ವೇರನ್ನೂ ನಾವು ಹಾಕುವುದಿಲ್ಲ.

ಇನ್ನು ಶ್ರುತಿಯ ಮಾತು. ಎಪ್ಪತ್ತೆಂಟರದೆಂದರೂ ಹಳೆಯ ತಟ್ಟೆಗಳೆಲ್ಲ ಕರಾರುವಾಕ್ಕಾಗಿ ಆ ವೇಗದಲ್ಲೇ ಮುದ್ರಿತವಾದವಲ್ಲ. ವೇಗ ಶೇಕಡ 6ರಷ್ಟು ಬದಲಾದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು (ಒಂದು ಕೀಲಿಯಿಂದ ಪಕ್ಕದ ಕೀಲಿಗೆ) ಸರಿಯುತ್ತದೆ. ಹಿನ್ನೆಲೆಯಲ್ಲಿ ಹಾರ್ಮೋನಿಯಂ ಇರುವ ತಟ್ಟೆಯಾದರೆ ಇದೇ ನಮಗೆ ದೊಡ್ಡ ಅನುಕೂಲ: ಎಲ್ಲ ಮನೆಗಳ ಸ್ವರವೂ ಮೊದಲೇ ನಿಗದಿಯಾಗಿರುವ ವಾದ್ಯವಾದ್ದರಿಂದ, ಅದರ ಷಡ್ಜ, ಎಂದರೆ ‘ಸ’ ಸ್ವರ, ಎರಡು ಮನೆಗಳ ನಡುವೆ ಕೇಳಿಸಿದರೆ ವೇಗದ ಬಗ್ಗೆ ಸಂಶಯಪಡಬೇಕು. ಹಳೆಯ ವಾದ್ಯಗಳ ಶ್ರುತಿ ಇಂದಿನದಕ್ಕೆ ಕೂದಲಷ್ಟು ಹೊಂದದಿರುವುದೂ ಉಂಟು, ಹಾಗಾಗಿ ಇದು ಸುಳಿವೇ ಹೊರತು ಸಾಕ್ಷ್ಯವಲ್ಲ. ಗೆಳೆಯ ತನ್ನ ಹಾರ್ಮೋನಿಯಂ ಮುಂದಿಟ್ಟುಕೊಂಡು, “ಎಪ್ಪತ್ತೆಂಟಕ್ಕೇ ಬಿಡು, ನೋಡೋಣ” ಎಂದ. ತಟ್ಟೆಯ ಷಡ್ಜ ಒಂದು ಮನೆಯ ಮೇಲೆ ನೇರವಾಗಿ ಕೂತಿತು. 76ಕ್ಕೆ ಇಳಿಸಿದಾಗ ಎರಡು ಮನೆಗಳ ನಡುವೆ ಸಿಕ್ಕಿಕೊಂಡಿತು. 74ಕ್ಕಿಂತ ತುಸು ಕೆಳಗೆ ಮತ್ತೆ ಒಂದು ಮನೆಗೆ ಹೊಂದಿತು. ಆದರೆ ಅಲ್ಲಿ ತಬಲಾದ ಪೆಟ್ಟು ಮಂಕಾಗಿ, ತಾನುಗಳು ಕಾಲೆಳೆದಂತೆ ಕೇಳಿಸಿದವು. ಮೈಕ್ ಬಳಸುವ ವಿದ್ಯುತ್ ಧ್ವನಿಮುದ್ರಣ ನೆಲೆಗೊಂಡಿದ್ದ 1930ರ ದಶಕದ ತಟ್ಟೆಗಳಲ್ಲಿ 78ರ ವೇಗ ಹೆಚ್ಚುಕಡಿಮೆ ಸ್ಥಿರವಾಗಿದ್ದುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, 78 ಎಂದೇ ತೀರ್ಮಾನಿಸಿದೆವು. ಎಂದರೆ ಆ ಎತ್ತರ ಗಂಗೂಬಾಯಿಯವರ ಕಂಠದ್ದೇ. ಅವರು ತಾರಷಡ್ಜಕ್ಕೆ (ಮೇಲಿನ ‘ಸ’ಕ್ಕೆ) ಒಂದೇ ಉಸಿರಿನಲ್ಲಿ ಏರಿ, ಅಲ್ಲಿ ನಿಲ್ಲದೆ ಇಳಿದುಬರುವ ಜಾಗವನ್ನು ಗೆಳೆಯ ಪುನಃ ಪುನಃ ಹಾಕಿಸಿ ಕೇಳಿದ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಶಿಷ್ಯೆಯಾಗಿ ಮುಂದೆ ಸ್ವರದಿಂದ ಸ್ವರಕ್ಕೆ ಅಷ್ಟು ತಾಳ್ಮೆಯಿಂದ ನಡೆದವರ ಕಂಠ ಇಲ್ಲಿ ಹೀಗೆ ಚಿಮ್ಮುವುದನ್ನು ಕೇಳುವುದು ಸಂತೋಷದ ವಿಷಯ.

ದೇವರನಾಮದ ತಟ್ಟೆಯನ್ನು ಇನ್ನೂ ತೊಳೆದಿಲ್ಲ. ನಾಟಕದ ಹಾಡಿನ ತಟ್ಟೆಯ ಒಂದು ಮಗ್ಗುಲು ಚೆನ್ನಾಗಿದೆ, ಇನ್ನೊಂದರಲ್ಲಿ ಆರಂಭದ ಕೆಲವು ಸುತ್ತುಗಳು ತೀರಾ ಸವೆದಿವೆ. ಲೇಬಲ್ಲಿನ ಸುತ್ತ ಅರಗಿನಲ್ಲೇ ಒತ್ತಿರುವ ಮುದ್ರಣ ಸಂಖ್ಯೆಗಳ ಫೋಟೋ ತೆಗೆಯಲು ಸಂಜೆಯ ಓರೆ ಬೆಳಕು ಬೇಕಾಗಿದ್ದು, ಅಷ್ಟರಲ್ಲಿ ಮಳೆ ಮೋಡ ಕವಿದ ಕಾರಣ ಆ ಕೆಲಸ ಮುಂದಿನ ವಾರಕ್ಕೆ ಉಳಿದಿದೆ. ಬಿ.ಎಸ್. ರಾಜಯ್ಯಂಗಾರ್ಯರು ಹಾಡಿದ ‘ಜಗದೋದ್ಧಾರನ’ ತಟ್ಟೆಯ ಸವೆಯದ ಪ್ರತಿಯೊಂದಕ್ಕಾಗಿ ಹುಡುಕಾಟ ನಡೆದೇ ಇದೆ. ಸಂತೆಯ ವ್ಯಾಪಾರಿ ಅದನ್ನು ಕಂಡರೆ ತೆಗೆದಿಡುವುದಾಗಿ ಹೇಳಿ ಗೆಳೆಯನ ಫೋನ್ ನಂಬರ್ ಬರೆದುಕೊಂಡಿದ್ದಾರೆ.