ಹೊಳೆ ಎಷ್ಟಕ್ಕೆ ಸಿಗ್ತೈತಿ ಟೀಚರ್?

ಏಳನೇ ಕ್ಲಾಸಿನ ಮಕ್ಕಳಿಗೆ ಕಾಡಿನ ಪಾಠ ಮಾಡುವಾಗ ಸ್ವೀಡನ್ನಿನ ಒಂದು ಸಂಗತಿ ಹೇಳಿದ್ದೆ. 1987ರಲ್ಲಿ ಅಲ್ಲಿನ ಪುಟ್ಟ ಶಾಲೆಯೊಂದರ ಮಕ್ಕಳಿಗೆ, ದೂರದ ಕೋಸ್ಟರಿಕಾ ದೇಶದ ಮಳೆಕಾಡನ್ನು ಕಡಿಯುತ್ತಿದ್ದಾರೆ ಅಂತ ಗೊತ್ತಾಯಿತು. ಅವರು ದುಡ್ಡು ಕೂಡಿಸಿ ಕಾಡನ್ನೇ ಕೊಂಡು ಉಳಿಸೋಣ ಅಂತ ಹೊರಟರು. ಬೇರೆ ದೇಶಗಳ ಮಕ್ಕಳೂ ಕೈಜೋಡಿಸಿದರು. ಈಗ ಅದು 22 ಸಾವಿರ ಹೆಕ್ಟೇರ್ ದಾಟಿದೆ. ಹೆಸರೂ ಮಕ್ಕಳದ್ದೇ, ಮಕ್ಕಳ ಶಾಶ್ವತ ಮಳೆಕಾಡು ಅಂತ.

ಹಿಂದಿನ ಸಾಲಿನ ಹುಡುಗ ಎದ್ದು ನಿಂತ. "ಟೀಚರ್, ನಮ್ಮ ಹೊಳೆ ಎಷ್ಟಕ್ಕೆ ಸಿಗ್ತೈತಿ?"

ಕ್ಲಾಸೆಲ್ಲ ನಕ್ಕಿತು. ಆದರೆ ಅವನು ತಮಾಷೆಗೆ ಕೇಳಿರಲಿಲ್ಲ. ನಮ್ಮದು ಕಂಪ್ಲಿ ಕಡೆಯ ಊರು, ಶಾಲೆಯ ಹಿಂದೆ ಗದ್ದೆ, ಗದ್ದೆ ದಾಟಿದರೆ ತುಂಗಭದ್ರೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿದೆ. ಮಕ್ಕಳಿಗೆ ಈ ಘೋಷಣೆ ಗೊತ್ತಿರಲಿಲ್ಲ, ನೀರುನಾಯಿ ಚೆನ್ನಾಗಿ ಗೊತ್ತಿತ್ತು. ಯಾವ ಬಂಡೆ ಮೇಲೆ ಬಿಸಿಲು ಕಾಯುತ್ತವೆ, ಯಾವ ಆಪುಹುಲ್ಲಿನ ಪೊದೆಯೊಳಗೆ ನುಗ್ಗುತ್ತವೆ, ಅವುಗಳ ಹಿಕ್ಕೆಯಲ್ಲಿ ಮೀನಿನ ಹುರುಪೆ ಹೇಗೆ ಮಿನುಗುತ್ತದೆ, ಎಲ್ಲ ಅವರೇ ನನಗೆ ಹೇಳಿದರು.

ಹೊಳೆ ಸರ್ಕಾರದ್ದು, ಮಾರೋದಿಲ್ಲ ಅಂದೆ. "ಮಾರದಿದ್ರೂ ರೊಕ್ಕ ಕೂಡಿಸೋಣ ಟೀಚರ್" ಅಂದರು. ಏನಕ್ಕೆ ಅಂತ ಆಮೇಲೆ ನೋಡಿದರಾಯಿತಂತೆ!

ಮಕ್ಕಳ ಸಂತೆ ಹತ್ತಿರ ಬಂದಿತ್ತು. ನಮ್ಮ ಕಡೆ ಸಂತೆ ಅಂದ್ರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇರಲೇಬೇಕು. ಮೆಂತ್ಯೆ ಸೊಪ್ಪು, ಬಾಳೆಹಣ್ಣು, ಶೇಂಗಾ ಉಂಡಿ ಎಲ್ಲ ಬಂತು. ಪ್ರತಿ ಸಲ ಲಾಭ ಅವರವರ ಜೇಬಿಗೆ. ಈ ಸಲ ಅರ್ಧ ಲಾಭ ಹೊಳೆಗಾಗಿ ಇಟ್ಟ ಖಾಲಿ ಹಾಲಿನ ಪುಡಿ ಡಬ್ಬಿಗೆ ಅಂತ ಅವರೇ ನಿಯಮ ಮಾಡಿಕೊಂಡರು. ಮಿರ್ಚಿ ಮಾರಿದ ಹುಡುಗ ಮೊದಲು ಕುಣಿದಾಡಿದ. ಆಮೇಲೆ ಎಣ್ಣೆ, ಕಡ್ಲೆಹಿಟ್ಟಿನ ಲೆಕ್ಕವನ್ನು ಅವರಮ್ಮ ಮುಂದಿಟ್ಟಾಗ ಮುಖ ಸಣ್ಣದಾಯಿತು. ಲಾಭ-ನಷ್ಟದ ಲೆಕ್ಕ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಅವನ ತಲೆಗೆ ಹೋಗಿರಲಿಲ್ಲ, ಅವತ್ತು ಹೋಯಿತು. ಡಬ್ಬಿಯಲ್ಲಿ ಮೂರು ಸಾವಿರ ಚಿಲ್ಲರೆ ಸೇರಿತು.

ಕಷ್ಟ ಶುರುವಾಗಿದ್ದೇ ಆಮೇಲೆ. ದುಡ್ಡು ಕೂಡಿಸುವುದು ಸುಲಭ, ಅದಕ್ಕೊಂದು ದಾರಿ ಹುಡುಕುವುದು ಕಷ್ಟ. ನಮ್ಮ ಶಿಕ್ಷಕರೊಬ್ಬರು 'ನೀರುನಾಯಿ ಉಳಿಸಿ' ಅಂತ ದೊಡ್ಡ ಬೋರ್ಡ್ ಬರೆಸೋಣ ಅಂದರು. ಹುಡುಗಿಯೊಬ್ಬಳು ಮೆಲ್ಲಗೆ, "ಅದಕ್ಕ ಓದಾಕ ಬರಲ್ಲ ಸರ್" ಅಂದಳು. ನನಗೂ ಬೋರ್ಡುಗಳ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಮದ್ದು ಸಿಡಿಸಿ ಮೀನು ಹೊಡೆಯುವವರು, ರಾತ್ರಿ ಮರಳು ಎತ್ತುವವರು ಬೋರ್ಡ್ ನೋಡಿ ನಿಲ್ಲಿಸುತ್ತಾರಾ? ಮಿರ್ಚಿ ಮಾರಿದ ದುಡ್ಡಿಗೂ ಅವರು ಬಗ್ಗಲ್ಲ ಅನ್ನೋದು ಬೇರೆ ಮಾತು.

ದಾರಿ ತೋರಿಸಿದ್ದು ಆ ಹುಡುಗಿಯ ತಾತ. ಮೀನು ಹಿಡಿಯುವವರು. ಒಂದು ಬೆಳಿಗ್ಗೆ ಸಿಟ್ಟಿನಲ್ಲೇ ಶಾಲೆಗೆ ಬಂದು ಬಲೆಯೊಂದನ್ನು ವರಾಂಡದಲ್ಲಿ ಹರವಿದರು. ನಡುವೆ ನನ್ನ ತೋಳು ತೂರುವಷ್ಟು ದೊಡ್ಡ ತೂತು. ಅಂಚಿನ ನೈಲಾನ್ ಎಳೆಗಳು ಜಗ್ಗಿ ಜಗ್ಗಿ ಬೆಳ್ಳಗಾಗಿದ್ದವು. ಪಕ್ಕದ ಕಣ್ಣಿಯಲ್ಲಿ ಅರ್ಧ ತಿಂದ ಮೀನು ಇನ್ನೂ ಸಿಕ್ಕಿಕೊಂಡಿತ್ತು.

"ನೀರುನಾಯಿಗೆ ರೊಕ್ಕ ಕೂಡಿಸ್ತೀರಂತ, ಮೊಮ್ಮಗಳು ಹೇಳಿದ್ಲು. ಚಲೋ ಆತು. ಇದಕ್ಕ ಯಾರು ಕೊಡ್ತಾರ ಮೇಡಂ?"

ಯಾರ ಬಳಿಯೂ ಉತ್ತರ ಇರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಹೊಳೆಯಲ್ಲಿ ನೀರುನಾಯಿ ಇದ್ದರೆ ನಾವು ಫೋಟೋ ತೆಗೆದು ಖುಷಿಪಡುತ್ತೇವೆ. ಅದರ ಖರ್ಚು ಬೀಳೋದು ಈ ತಾತನ ಬಲೆಗೆ.

ಹರಿದ ಬಲೆ ಏನು ಮಾಡ್ತೀರಿ ಅಂತ ಮಕ್ಕಳು ಕೇಳಿದರು. ಹೊಲಿಯುವಂತಿದ್ದರೆ ಹೊಲಿಯುತ್ತಾರೆ, ಇಲ್ಲದಿದ್ದರೆ ದಂಡೆಯಲ್ಲೇ ಬಿಸಾಡುತ್ತಾರೆ. ನೈಲಾನ್ ಕೊಳೆಯಲ್ಲ. ನೀರು ಏರಿದಾಗ ಮತ್ತೆ ಹೊಳೆಗೇ ಹೋಗುತ್ತದೆ. ಅದರಲ್ಲಿ ಆಮೆ ಸಿಕ್ಕಿಬಿದ್ದಿದ್ದನ್ನು ಕ್ಲಾಸಿನ ಹುಡುಗರೇ ನೋಡಿದ್ದರು. ನೀರುನಾಯಿ ಮರಿಯೂ ಸಿಗಬಹುದಲ್ವಾ? ಲೆಕ್ಕ ಅಲ್ಲಿಗೆ ಕೂಡಿಬಂತು. ಬಿಸಾಡುವ ಬಲೆ ತಂದುಕೊಟ್ಟವರಿಗೆ, ಇರುವ ಬಲೆ ಹೊಲಿಯಲು, ತೂಕಕ್ಕೆ ತಕ್ಕಂತೆ ಹೊಸ ದಾರದ ಉಂಡೆ. ಡಬ್ಬಿಯ ದುಡ್ಡೆಲ್ಲ ದಾರಕ್ಕೆ ಹೋಯಿತು.

ಬಲೆ ತರುವ ದಿನ ಶಾಲೆ ಅಂಗಳದ ತುಂಬ ಹೊಳೆ ವಾಸನೆ. ಗಂಡುಮಕ್ಕಳು ಮೂಗು ಮುಚ್ಚಿಕೊಂಡರೆ, ಹೆಣ್ಣುಮಕ್ಕಳು ಸ್ಪ್ರಿಂಗ್ ತಕ್ಕಡಿ ಹಿಡಿದು ನಿಂತರು. ಒಂದು ಬಲೆ ಸಿಕ್ಕಾಪಟ್ಟೆ ಭಾರ ಇತ್ತು. "ಟೀಚರ್, ತೂಕ ಹೆಚ್ಚಿಸಾಕ ಕಲ್ಲು ಕಟ್ಯಾರ!" ಅಂತ ಒಬ್ಬಳು ಕೂಗಿದಳು. ತಂದಿದ್ದವರು ನಗುತ್ತಾ ತೋರಿಸಿದರು, ಬಲೆ ಮುಳುಗಲಿ ಅಂತ ಅಂಚಿಗೆ ಕಟ್ಟುವ ಸುಟ್ಟ ಮಣ್ಣಿನ ಗುಂಡುಗಳು. ಗುಂಡು ಬಿಚ್ಚಿಕೊಟ್ಟು, ಬರೀ ಬಲೆ ತೂಗಿದೆವು. ಆಮೇಲೆ ಎಲ್ಲ ಬಲೆಗೂ ಅದೇ ನಿಯಮ. ಎಳೆಗಳ ನಡುವೆ ಒಣಗಿದ ಏಡಿ, ಬಸವನಹುಳದ ಚಿಪ್ಪು, ಯಾರದೋ ಕಾಲಿನ ಒಂದು ಚಪ್ಪಲಿ.

ತಾತನೂ ಬಂದರು. ಎರಡು ಉಂಡೆ ಕೇಳಿದರು. ಮೊಮ್ಮಗಳು ತಕ್ಕಡಿ ನೋಡಿ, "ಒಂದಕ್ಕಷ್ಟ ಆಗೈತಿ ತಾತ" ಅಂತ ಒಂದೇ ಕೊಟ್ಟಳು. ಬೈಯ್ಯುತ್ತಲೇ ತೆಗೆದುಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ದಾರ ಖಾಲಿ. ಆಮೇಲೆ ಬಂದವರ ಹೆಸರನ್ನು ಮಕ್ಕಳು ಪುಸ್ತಕದಲ್ಲಿ ಉದ್ರಿ ಬರೆದುಕೊಂಡಿದ್ದಾರೆ, ಮುಂದಿನ ಸಂತೆಯಲ್ಲಿ ತೀರಿಸುತ್ತಾರಂತೆ. ಮಿರ್ಚಿ ಹುಡುಗ ಈ ಸಲ ಬಾಳೆಹಣ್ಣು ಮಾರುತ್ತಾನಂತೆ, ಎಣ್ಣೆ ಖರ್ಚಿಲ್ಲ. ಬಲೆಗಳು ಮಾತ್ರ ಇನ್ನೂ ಆಟದ ಸಾಮಾನಿನ ಕೋಣೆಯಲ್ಲೇ ಬಿದ್ದಿವೆ. ಗುಜರಿಯವನು ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಅನ್ನುತ್ತಿದ್ದಾನೆ. ಹೆಡ್‌ಮಾಸ್ಟರು ಕಂಡಾಗಲೆಲ್ಲ ಆ ವಾಸನೆಗೆ ಏನು ಮಾಡಿದ್ರಿ ಮೇಡಂ ಅಂತ ಕೇಳುತ್ತಾರೆ.