3ರ ನೂರನೇ ಘಾತಕ್ಕೆ ಎಂಟೇ ಗುಣಾಕಾರ ಸಾಕು

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ 3**100 (3ರ ನೂರನೇ ಘಾತ) ಅಂತ ಹೊಡೆದ್ರೆ 48 ಅಂಕಿಯ ಉತ್ತರ ತಟ್ಟಂತ ಬರುತ್ತೆ, ಒಂದಂಕಿನೂ ಆಚೀಚೆ ಆಗಲ್ಲ. ಸಿ ಭಾಷೇಲಿ 64 ಬಿಟ್ ಅನ್‌ಸೈನ್ಡ್ (ಋಣ ಚಿಹ್ನೆ ಇಲ್ಲದ) ಪೂರ್ಣಾಂಕ ತಗೊಂಡ್ರೂ 3ರ 40ನೇ ಘಾತಕ್ಕೇ ನಿಲ್ಲಬೇಕು, 41ಕ್ಕೆ ಓವರ್‌ಫ್ಲೋ, ಅಂದ್ರೆ ಉತ್ತರ ಆ ಜಾಗದಲ್ಲಿ ಹಿಡಿಸಲ್ಲ.

ಹಾಗಂತ ಪೈಥಾನ್ ಒಳಗೆ 99 ಸಲ ಗುಣಿಸ್ತಾ ಕೂರಲ್ಲ. 100ನ್ನ ಬೈನರಿಲಿ ಬರೆದ್ರೆ 1100100, ಮೊದಲ ಬಿಟ್ಟಿಗೆ 3 ಇಟ್ಕೊಂಡು ಎಡದಿಂದ ಬಲಕ್ಕೆ ಹೋಗ್ತಾ ಪ್ರತಿ ಬಿಟ್ಟಿಗೂ ಕೈಲಿರೋದನ್ನ ವರ್ಗ ಮಾಡೋದು, ಬಿಟ್ 1 ಆಗಿದ್ರೆ ಇನ್ನೊಂದ್ಸಲ 3ರಿಂದ ಗುಣಿಸೋದು, ಅಷ್ಟೇ. ಘಾತ 1, 3, 6, 12, 25, 50, 100 ಅಂತ ಏರುತ್ತೆ. ಆರು ವರ್ಗ, ಎರಡು ಗುಣಾಕಾರ.

ಇದು ಕಂಪ್ಯೂಟರ್ ಬಂದ್ಮೇಲೆ ಹುಟ್ಟಿದ ಐಡಿಯಾ ಅಲ್ವೇ ಅಲ್ಲ, ಪಿಂಗಳನ ಛಂದಃಶಾಸ್ತ್ರದಲ್ಲೇ ಇದೆ. ಆರಕ್ಷರದ ಪಾದದಲ್ಲಿ ಲಘು ಗುರು ಎಷ್ಟು ಥರ ಕೂರಿಸಬಹುದು ಅಂತ ಲೆಕ್ಕ: 6ರ ಅರ್ಧ 3, ಅದು ಬೆಸ, ಒಂದು ಕಳೆದ್ರೆ 2, ಅರ್ಧ 1, ಒಂದು ಕಳೆದ್ರೆ ಸೊನ್ನೆ. ಈಗ ಬಂದ ದಾರೀಲೇ ವಾಪಸ್, 1ರಿಂದ ಶುರು ಮಾಡಿ ಕಳೆದ ಕಡೆ 2ರಿಂದ ಗುಣಿಸಿ, ಅರ್ಧ ಮಾಡಿದ ಕಡೆ ವರ್ಗ ಮಾಡಿ: 2, 4, 8, 64. ಎಷ್ಟು ಚೆಂದ ಇದೆ ನೋಡಿ! ಇದನ್ನ ಪ್ರೋಗ್ರಾಮಿಂಗ್ ಕ್ಲಾಸಲ್ಲಿ ಹೇಳ್ಕೊಡ್ಲೇಬೇಕು ಅಂತ ನನ್ನ ಆಸೆ.

ಆದ್ರೆ ದೊಡ್ಡ ಸಂಖ್ಯೆಗಳಲ್ಲಿ ಗುಣಾಕಾರ ಎಷ್ಟು ಸಲ ಅನ್ನೋದಷ್ಟೇ ನೋಡಿದ್ರೆ ಸಾಲದು, ಪ್ರತಿ ವರ್ಗಕ್ಕೂ ಅಂಕಿಗಳು ಹೆಚ್ಚುಕಮ್ಮಿ ಡಬಲ್ ಆಗ್ತವೆ, ಹಾಗಾಗಿ ಕೊನೆಯ ವರ್ಗವೇ ಅರ್ಧಕ್ಕಿಂತ ಜಾಸ್ತಿ ಟೈಮ್ ತಿನ್ನುತ್ತೆ. ಶಾಲೇಲಿ ಕಲಿತ ಗುಣಾಕಾರದಲ್ಲಿ ಅಂಕಿ ಎರಡು ಪಟ್ಟಾದ್ರೆ ಕೆಲಸ ನಾಲ್ಕು ಪಟ್ಟು. ಸಂಖ್ಯೆ ತುಂಬ ದೊಡ್ಡದಾದಾಗ ಪೈಥಾನ್ ಕರತ್ಸುಬಾ ಅನ್ನೋ ಇನ್ನೂ ವೇಗದ ಗುಣಾಕಾರ ವಿಧಾನಕ್ಕೆ ಹೊರಳುತ್ತೆ, ಅಲ್ಲಿ ಸುಮಾರು ಮೂರು ಪಟ್ಟು.

ಅದಕ್ಕೇ, ನಿಮಗೆ ಬೇಕಿರೋದು ಶೇಷ ಮಾತ್ರ ಆದ್ರೆ ಪೂರ್ತಿ ಘಾತ ತೆಗೆದು ಆಮೇಲೆ ಭಾಗಿಸೋಕೆ ಹೋಗ್ಬೇಡಿ. ಪೈಥಾನ್‌ನ ಪವ್ ಫಂಕ್ಷನ್‌ಗೆ ಮೂರನೇ ಆರ್ಗ್ಯುಮೆಂಟ್ ಆಗಿ ಭಾಜಕ ಕೊಡಿ, ಜಾವಾದಲ್ಲಾದ್ರೆ ಬಿಗ್‌ಇಂಟಿಜರ್‌ನ ಮಾಡ್‌ಪವ್. ಪ್ರತಿ ಹೆಜ್ಜೇಲೂ ಶೇಷ ತೆಗೀತಾ ಹೋಗೋದ್ರಿಂದ ಸಂಖ್ಯೆ ಬೆಳೆಯೋದೇ ಇಲ್ಲ. ಆರ್‌ಎಸ್‌ಎ ಅನ್ನೋ ಗೂಢಲಿಪಿ ವಿಧಾನ ನಡೆಯೋದೇ ಇದರ ಮೇಲೆ: ಸಾಮಾನ್ಯವಾಗಿ ಬಳಸೋ ಪಬ್ಲಿಕ್ (ಎಲ್ಲರಿಗೂ ಗೊತ್ತಿರೋ) ಘಾತ 65537, ಅಂದ್ರೆ ಹದಿನಾರು ವರ್ಗ, ಒಂದು ಗುಣಾಕಾರ. 2048 ಬಿಟ್ ಕೀ ಆದ್ರೆ ಪ್ರೈವೇಟ್ (ಗುಟ್ಟಿನ) ಘಾತವೂ ಸುಮಾರು 2048 ಬಿಟ್ ಇರುತ್ತೆ, ಅದನ್ನ ಶೇಷ ತೆಗೀದೆ ಲೆಕ್ಕ ಹಾಕ್ತೀನಿ ಅಂದ್ರೆ ಜಗತ್ತಿನ ಮೆಮೊರಿ ಎಲ್ಲಾ ಸೇರಿಸಿದ್ರೂ ಆಗಲ್ಲ.

ಇನ್ನೊಂದು ಮಾತು, 1 ಬಿಟ್ಟಿಗೆ ಒಂದು ಗುಣಾಕಾರ ಹೆಚ್ಚು ಅಂದ್ನಲ್ಲ, ಆ ಟೈಮ್ ವ್ಯತ್ಯಾಸ ಅಳೆದೇ ಗುಟ್ಟಿನ ಕೀ ಕಂಡುಹಿಡೀಬಹುದು ಅಂತ ಗೂಢಲಿಪಿ ತಜ್ಞ ಪಾಲ್ ಕೋಚರ್ 1996ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ನಿಜವಾದ ಪ್ರೈವೇಟ್ ಕೀ ಇರೋ ಕಡೆ ಮಾಮೂಲಿ ಪವ್ ಬಳಸ್ಬೇಡಿ, ಅದಕ್ಕಂತಲೇ ಬರೆದಿರೋ ಕ್ರಿಪ್ಟೋ ಲೈಬ್ರರಿ ಬಳಸಿ.